ವರ್ಷತೊಡಕಿನ ಬೀಗರೂಟ

"ಬಾಡು ತಿಂದ್ ಕೈಲಿ ನನ್ ಹುಳ ಮುಟ್ಟಿದ್ರೆ ಕೈ ಕತ್ತರಿಸ್ಬಿಡ್ತೀನಿ, ಗೊತ್ತಾಯ್ತೇನ್ರೇ ಮುಂಡೇರಾ? ನಾಳೆ ಮೂರು ಹೊತ್ತೂ ಬರ್ಬೇಕು. ಸಂಜೆ ಕೆಲ್ಸ ಮುಗಿಸ್ಕೊಂಡ್ ಹೋಗಿ ಅದೇನ್ ತಿಂತೀರೋ ತಿಂದ್ ಸಾಯಿರಿ."

ಸುಬ್ಬರಾಯಪ್ಪ ಹುಳದ ಮನೆಯ ಬಾಗಿಲಲ್ಲಿ ನಿಂತು ಹೀಗೆ ಕೂಗುವಾಗ ಅವನ ಬಾಯಲ್ಲಿ ಇನ್ನೂ ಬೇವು ಬೆಲ್ಲವಿತ್ತು. ಅವತ್ತು ಯುಗಾದಿ. ನಾವು ಮೂವರು, ಅಂದರೆ ಮುನಿಯಲ್ಲಮ್ಮ, ಬೀಬಿಜಾನ್ ಮತ್ತು ನಾನು, ಹಿಪ್ಪುನೇರಳೆ ಕಡ್ಡಿಗಳ ಕಂತೆ ಬಿಚ್ಚಿ ಅಟ್ಟಣೆಗಳ ಮೇಲೆ ಹರಡುತ್ತಿದ್ದೆವು. ರೇಷ್ಮೆ ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ನಾಲ್ಕು ದಿನವಾಗಿತ್ತು. ಆ ಹೊತ್ತಿಗೆ ಅವಕ್ಕೆ ಬರುವ ಹಸಿವು ಅಂತಿಂಥದ್ದಲ್ಲ. ಎಷ್ಟು ಹಾಕಿದರೂ ಕಡ್ಡಿ ಬೆಳ್ಳಗಾಗುವವರೆಗೆ ತಿಂದು, ತಲೆ ಎತ್ತಿ, ಇನ್ನೂ ಎಲ್ಲಿ ಎಂದು ನೋಡುತ್ತವೆ.

"ಸಾಮಿ, ನಾಳೆ ವರ್ಷತೊಡಕು," ಎಂದಳು ಮುನಿಯಲ್ಲಮ್ಮ. "ನನ್ ಮಗಳ ಮನೆಯೋರು ಮೊದಲ್ನೇ ಹಬ್ಬಕ್ಕೆ ಬರ್ತಾವ್ರೆ. ಹದಿನೈದು ದಿನದಿಂದ ಹೇಳ್ತಾ ಇದ್ದೀನಿ. ಬೆಳಗ್ಗೆ ಒಂದ್ ಮೇವು ಹಾಕಿ ಹೋಗ್ತೀನಿ, ಸಂಜೆ ಮತ್ತೆ ಬರ್ತೀನಿ. ಮಧ್ಯಾಹ್ನದ್ದು ಒಂದು ಬಿಟ್ಬಿಡಿ."

"ಓಹೋ. ನಿಮ್ಮೋರ್ಗೂ ಬೀಗರೂಟ, ಮೊದಲ್ನೇ ಹಬ್ಬ, ಎಲ್ಲಾ ಬಂದ್ಬಿಡ್ತಾ? ಮುಂದಿನ್ ವರ್ಷ ಪಲ್ಲಕ್ಕಿ ಕಳಿಸ್ತೀನಿ ಬಿಡು."

ಬೀಬಿಜಾನ್ ಮೆಲ್ಲಗೆ ಬಾಯಿ ಹಾಕಿದಳು. "ನಮ್ದು ಭೀ ನಾಳೆ ರಂಜಾನ್ ಸಾಬ್. ಇವತ್ತು ಚಾಂದ್ ಕಾಣ್ಸಿದ್ರೆ."

"ಮೊದಲು ಕಾಣ್ಲಿ, ಆಮೇಲೆ ನೋಡಾಣ," ಎಂದು ಸುಬ್ಬರಾಯಪ್ಪ ಹೊರಟುಹೋದ, ಚಂದ್ರನೂ ಅವನ ಆಳೇ ಎನ್ನುವ ಹಾಗೆ.

ಆದರೆ ಚಂದ್ರ ಕಾಣಿಸಿದ. ಕ್ಯಾಲನೂರಿನ ಕಡೆಯಿಂದ ಪಟಾಕಿ ಸದ್ದು ಕೇಳಿದ ಕೂಡಲೇ ನಮ್ಮ ಕಾಲನಿಯ ಮಕ್ಕಳೂ ಕುಣಿದವು. ಒಂದೇ ದಿನ ಎರಡು ಹಬ್ಬ. ಎರಡೂ ಬಾಡಿನ ಹಬ್ಬ. ಊರ ಕುರಿಗಳಿಗೆ ಮಾತ್ರ ಅದು ಒಳ್ಳೆಯ ಸುದ್ದಿಯಾಗಿರಲಿಲ್ಲ.

ಮುನಿಯಲ್ಲಮ್ಮನಿಗೆ ಈ ಊಟ ಏಕೆ ಅಷ್ಟು ಮುಖ್ಯವಾಗಿತ್ತು ಎಂದು ಹೇಳಬೇಕು. ಸಂಕ್ರಾಂತಿ ಕಳೆದ ಮೇಲೆ ಅವಳ ಮಗಳು ಅನಿತಳನ್ನು ನಂಗಲಿ ಕಡೆಗೆ ಕೊಟ್ಟು ಮದುವೆ ಮಾಡಿದ್ದೆವು. ಹುಡುಗ ಅನಿಲ್‌ಕುಮಾರ್ ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಬೀಗರೂಟದ ದಿನ ಕೊನೆಯ ಪಂಕ್ತಿಗೆ ಬಾಡು ಮುಗಿದುಹೋಯಿತು. ಆ ಪಂಕ್ತಿಯಲ್ಲೇ ಕೂತಿದ್ದ ಹುಡುಗನ ಸೋದರತ್ತೆ, "ನೀರಲ್ಲಿ ಮೂಳೆ ತೊಳ್ದು ಬಡಿಸಿದ್ರು," ಎಂದು ನಂಗಲಿಯಲ್ಲೆಲ್ಲ ಹೇಳಿಕೊಂಡು ಬಂದಳು. ಅನಿತ ಫೋನ್ ಮಾಡಿದಾಗಲೆಲ್ಲ ಆ ಮಾತು ಹೇಳಿ ಅಳುತ್ತಿದ್ದಳು. ಮುನಿಯಲ್ಲಮ್ಮ ಅಳಲಿಲ್ಲ. "ವರ್ಷತೊಡಕು ಬರ್ಲಿ," ಎನ್ನುತ್ತಿದ್ದಳು. ಅವತ್ತು ಮಾಡಿದ್ದೇ ವರ್ಷವೆಲ್ಲ ಎಂದು ನಮ್ಮ ನಂಬಿಕೆ. ಅವತ್ತು ನಕ್ಕರೆ ವರ್ಷವೆಲ್ಲ ನಗು, ಬೈಸಿಕೊಂಡರೆ ವರ್ಷವೆಲ್ಲ ಬೈಗುಳ.

ಬೆಳಗಾಗುವ ಮುಂಚೆಯೇ ಕಾಲನಿಯಲ್ಲಿ ಗುಡ್ಡೆ ಬಾಡು ಹಂಚಿಕೆಯಾಯಿತು. ಕುರಿ ಕೊಯ್ದದ್ದು ಬೀಬಿಜಾನ್‌ಳ ಗಂಡ, ಹೊಸ ಜುಬ್ಬಾ ಕೆಡದಿರಲೆಂದು ಬನಿಯನ್ನಿನಲ್ಲಿ. ಮುನಿಯಲ್ಲಮ್ಮ ಎರಡು ಗುಡ್ಡೆ, ಅಂದರೆ ಎರಡು ಪಾಲು, ಹಿಡಿದಳು. ನಾನು ಮಸಾಲೆ ಅರೆದೆ, ಅವಳು ಒಗ್ಗರಣೆ ಹಾಕಿದಳು. ಸಾರು ಕುದಿ ಬರುವ ಮೊದಲೇ ಆರು ಗಂಟೆಯ ಮೇವಿಗೆ ಓಡಿದೆವು. ಬೆಳ್ಳುಳ್ಳಿ ವಾಸನೆ ಹೋಗಲೆಂದು ಇಬ್ಬರೂ ಸೀಗೆಪುಡಿಯಲ್ಲಿ ಕೈ ಉಜ್ಜಿಕೊಂಡೆವು. ಹಿಂದಿನಿಂದ ಬಂದ ಬೀಬಿಜಾನ್ ನಮ್ಮನ್ನು ಮೂಸಿ, "ಸೀಗೆಪುಡಿ ಹಾಕ್ಕೊಂಡ್ ಕುರಿ ಥರಾ ವಾಸ್ನೆ ಬರ್ತೈತೆ ನಿಮ್ದು," ಎಂದಳು. ಹುಳದ ಮನೆಯಲ್ಲಿ ಸದ್ದು ಮಾಡಬಾರದು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತು.

ಮೇವು ಮುಗಿಸಿ ಓಡಿ ಬಂದು ಕೈಮ ಉಂಡೆ ಕಟ್ಟಿದೆವು, ತಲೆಕಾಲು ಬೇಯಲಿಟ್ಟೆವು. ಮುನಿಯಲ್ಲಮ್ಮನ ಕೂದಲಲ್ಲಿ ಹಿಪ್ಪುನೇರಳೆ ಎಲೆ, ಹಣೆಯ ಮೇಲೆ ಅರಿಶಿನ, ಮೂಗಿನ ತುದಿಯಲ್ಲಿ ರಾಗಿ ಹಿಟ್ಟು. ಹತ್ತೂವರೆಗೆ ಟೆಂಪೋ ಬಂದು ನಿಂತಿತು. ಏಳು ಜನ ಬರುತ್ತೇವೆ ಎಂದಿದ್ದರು. ಇಳಿದವರು ಹದಿಮೂರು.

"ವದಿನಮ್ಮಾ, ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳುತ್ತ ಹುಡುಗನ ತಂದೆ, ಬೀಗರಾದ ಪೆದ್ದಪ್ಪನವರು ಮುಂದೆ ಬಂದರು. ಬಿಳಿ ಪಂಚೆ, ಬಿಳಿ ಶರ್ಟು, ಜೇಬಿನಲ್ಲಿ ಒಂದು ಪೆನ್ನು, ಮೈಯೆಲ್ಲ ಗಂಧದ ವಾಸನೆ. "ಟೆಂಪೋ ದೊಡ್ದಾಗಿತ್ತು. ಖಾಲಿ ಯಾಕೆ ಬರ್ಬೇಕು ಅಂತ ಎಲ್ರನ್ನೂ ಹಾಕ್ಕೊಂಡ್ ಬಂದ್ಬಿಟ್ಟೆ." ಅವರ ಬೆನ್ನ ಹಿಂದೆ ಆ ಸೋದರತ್ತೆ ಮೂಗು ಅರಳಿಸಿ ಸಾರಿನ ವಾಸನೆ ಹಿಡಿಯುತ್ತಿದ್ದಳು.

ಮುನಿಯಲ್ಲಮ್ಮ ಎಲ್ಲರ ಕಾಲಿಗೆ ನೀರು ಕೊಟ್ಟಳು, ಮಗಳ ಕೆನ್ನೆ ಹಿಂಡಿದಳು, ಬೀಗರಿಗೆ ಪಾನಕ ಕೊಟ್ಟಳು. "ಅರ್ಧ ಗಂಟೆ ಬೀಗ್ರೇ. ಒಂದ್ ಕೆಲ್ಸ ಐತೆ, ಹಿಂಗ್ ಹೋಗಿ ಹಂಗ್ ಬಂದೆ." ಅನಿತಳ ಕೈಗೆ ಸೌಟು ಕೊಟ್ಟು ನನ್ನ ಕೈ ಹಿಡಿದು ಓಡಿದಳು.

ಅರ್ಧ ಗಂಟೆ ಸಾಕಾಗುತ್ತಿತ್ತು. ಬೀಬಿಜಾನ್‌ಳೂ ಸೇರಿ ಮೂವರು ಎರಡು ಅಟ್ಟಣೆಗೆ ಸೊಪ್ಪು ಹಾಕಿ ಮೂರನೆಯದಕ್ಕೆ ಕೈ ಹಾಕಿದ್ದೆವು, ಅಷ್ಟರಲ್ಲಿ ಸುಬ್ಬರಾಯಪ್ಪನ ಹೆಂಡತಿ ಶ್ಯಾಮಲಮ್ಮ ಹಿತ್ತಲಿನಿಂದ ಕೂಗಿದಳು. ಬೆಂಗಳೂರಿನಿಂದ ಅವರ ನೆಂಟರು ಬಂದಿದ್ದರು. ಎರಡು ಕುರಿಯ ಬೋಟಿ, ಕರುಳು ಸಮೇತ, ಬೇಸಿನ್ನಿನಲ್ಲಿ ಬಿದ್ದಿತ್ತು.

"ಮುನಿಯಲ್ಲಮ್ಮ, ಇದನ್ನ ತೊಳ್ಕೊಡು. ನನ್ ಕೈಲಾಗಲ್ಲಮ್ಮ, ವಾಕರಿಕೆ ಬರ್ತದೆ."

"ಅಮ್ಮೋರೇ, ಮನೇಲಿ ಬೀಗ್ರು ಕುಂತವ್ರೆ. ಬಾಡು ಮುಟ್ಟಿದ್ರೆ ಹುಳಕ್ಕೆ ಆಗಲ್ಲ ಅಂತಾರಲ್ಲ ಯಜಮಾನ್ರು..."

"ತಿನ್ಬೇಡ ಅಂದವ್ರೆ, ತೊಳೀಬೇಡ ಅಂದವ್ರಾ? ಸೋಪ್ ಹಾಕ್ಕೊಂಡ್ ಕೈ ತೊಳ್ಕೊಂಡ್ರಾಯ್ತು. ಬೇಗ ಬೇಗ."

ಬೋಟಿ ತೊಳೆಯುವುದು ಬೇಗ ಆಗುವ ಕೆಲಸವಲ್ಲ. ಮುನಿಯಲ್ಲಮ್ಮ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬಿಸಿನೀರು ಹಾಕಿ ಕೆರೆದಳು, ತಿರುಗಿಸಿ ಮತ್ತೆ ಕೆರೆದಳು. ಅವಳಿಗೆ ಕೈ ಜೋಡಿಸಲು ಬೀಬಿಜಾನ್ ಹೋದಳು, ನಾನೂ ಹೋದೆ. ಅಲ್ಲಿ ಎಂಟು ಅಟ್ಟಣೆ ಹುಳ ಹಸಿದು ಕಾಯುತ್ತಿತ್ತು, ಇಲ್ಲಿ ನಾವು ಬೋಟಿ ಕೆರೆಯುತ್ತಿದ್ದೆವು, ಅಲ್ಲಿ ಹದಿಮೂರು ಬೀಗರು ಚಾಪೆಯ ಮೇಲೆ ಕೂತು ಬಾಗಿಲು ನೋಡುತ್ತಿದ್ದರು. ಗಂಟೆ ಹನ್ನೆರಡು ದಾಟಿತು.

ಆಗ ಗೇಟಿನ ಹತ್ತಿರ ಬಿಳಿ ಪಂಚೆ ಕಂಡಿತು. ದಾರಿ ಕೇಳಿಕೊಂಡು ಪೆದ್ದಪ್ಪನವರು ಹುಡುಕಿ ಬಂದಿದ್ದರು.

ಸುಬ್ಬರಾಯಪ್ಪ ನೆಂಟರ ಜೊತೆ ಹಲಸಿನ ಮರದ ಕೆಳಗೆ ಇಸ್ಪೀಟಾಡುತ್ತಿದ್ದ. "ಯಾವನ್ಲಾ ನೀನು?"

"ನಂಗಲಿ ಕಡೆಯೋರು ಸಾರ್, ಪೆದ್ದಪ್ಪ ಅಂತ. ಮುನಿಯಲ್ಲಮ್ಮನೋರ ಬೀಗ್ರು. ಊಟಕ್ಕೆ ಹೊತ್ತಾಯ್ತು, ಕರ್ಕೊಂಡ್ ಹೋಗಾಣ ಅಂತ..."

"ಬೀಗ್ರು!" ಸುಬ್ಬರಾಯಪ್ಪ ನೆಂಟರ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ನೋಡ್ರಪ್ಪಾ, ಜೇಬಲ್ಲಿ ಪೆನ್ನು ಬೇರೆ. ಬಂದಿದ್ದೀಯಲ್ಲ, ಅಗೋ ಅಲ್ಲಿ ಸೊಪ್ಪಿನ್ ಕಂತೆ ಬಿದ್ದವೆ. ಒಳಕ್ಕೆ ಎತ್ತಾಕ್ಲಾ. ಬೀಗ ಬೀಗಿತಿ ಇಬ್ರೂ ಬೇಗ ಹೋಗ್ಬೌದು. ತಿಂದಿದ್ದೂ ಅರಗ್ತದೆ."

ನೆಂಟರು ನಕ್ಕರು. ಪೆದ್ದಪ್ಪನವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಒಮ್ಮೆ ಮುನಿಯಲ್ಲಮ್ಮನ ಕಡೆ ನೋಡಿದರು. ಇಲ್ಲಿ ಮಾತಾಡಿದರೆ ಈಕೆಯ ಕೆಲಸ ಹೋಗುತ್ತದೆ ಎಂದು ಅವರಿಗೆ ಹೊಳೆದಿರಬೇಕು. ಸುಮ್ಮನೆ ಪಂಚೆ ಎತ್ತಿ ಕಟ್ಟಿದರು. ಜೇಬಿನ ಪೆನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ಕಂತೆಯ ಹತ್ತಿರ ಹೋಗಿ ಬಗ್ಗಿದರು.

"ಬೀಗ್ರೇ, ಅದನ್ನ ಮುಟ್ಬೇಡಿ."

ಮುನಿಯಲ್ಲಮ್ಮ ಎದ್ದು ನಿಂತಿದ್ದಳು. ಅವಳ ಎರಡೂ ಕೈಯಿಂದ ಬೋಟಿ ಜೋತಾಡುತ್ತಿತ್ತು. ಅದನ್ನು ಹಾಗೇ ಕಲ್ಲಿನ ಮೇಲೆ ಬಿಟ್ಟಳು. ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಅದ್ದಿ, ಸೆರಗಿನಲ್ಲಿ ಒರೆಸಿಕೊಂಡು, ಹಲಸಿನ ಮರದ ಹತ್ತಿರ ಬಂದಳು.

"ಸಾಮಿ, ಇವ್ರು ನನ್ ಮನೆಗೆ ಬಂದಿರೋ ಬೀಗ್ರು. ನಿಮ್ ಆಳಲ್ಲ. ನಾನು ಹೋಗ್ತೀನಿ."

"ಹೋದ್ರೆ ಮತ್ತೆ ಈ ಕಡೆ ತಲೆ ಹಾಕ್ಕೂಡ್ದು. ಬೋಳಿಮುಂಡೆ, ನಾನಿಲ್ದಿದ್ರೆ..."

"ಆಯ್ತು," ಎಂದಳು ಮುನಿಯಲ್ಲಮ್ಮ.

ಅಷ್ಟೇ. ಅಂಗಡಿಯಲ್ಲಿ ಉಪ್ಪು ಇಲ್ಲ ಎಂದರೆ ಹೇಳುವ ಹಾಗೆ, ಆಯ್ತು ಎಂದಳು. ಬೀಬಿಜಾನ್ ಬೋಟಿಯ ಬೇಸಿನ್ನನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ, "ಖುದಾ ಹಾಫಿಜ್ ಸಾಬ್, ಈದ್ ಮುಬಾರಕ್," ಎಂದು ಹೊರಟಳು. ನಾನೂ ಹಿಂದೆಯೇ ಹೊರಟೆ, ನನಗೆ ನಗು ಬರುತ್ತಿತ್ತು, ಭಯವೂ ಆಗುತ್ತಿತ್ತು. ಗೇಟು ದಾಟಿದ ಮೇಲೆ ಯಾರು ಮೊದಲು ಓಡಿದರೋ ಗೊತ್ತಿಲ್ಲ. ಮೂವರು ಹೆಂಗಸರು, ಪಂಚೆ ಎತ್ತಿ ಕಟ್ಟಿದ ಒಬ್ಬ ಬೀಗರು, ಹಾಡುಹಗಲು ಮಕ್ಕಳ ಹಾಗೆ ತೋಪಿನ ನಡುವೆ ಓಡಿದೆವು. "ಪದಂಡಿ, ಪದಂಡಿ! ನಡೀರಿ, ನಡೀರಿ!" ಎಂದು ಪೆದ್ದಪ್ಪನವರು ಕೂಗುತ್ತಿದ್ದರು. ಮುನಿಯಲ್ಲಮ್ಮ ಒಂದೇ ಒಂದು ಸಲ ನಿಂತು, ಹುಳದ ಮನೆಯ ಕಡೆ ತಿರುಗಿ ನೋಡಿ, ಮತ್ತೆ ಓಡಿದಳು.

ಆಮೇಲೆ ನಡೆದ ಊಟವನ್ನು ನಮ್ಮ ಕಾಲನಿ ಇನ್ನೂ ಮರೆತಿಲ್ಲ. ಮನೆಯೊಳಗೆ ಜಾಗ ಸಾಲದೆ ಬೀದಿಯಲ್ಲೇ ಚಾಪೆ ಹಾಸಿದೆವು. ಮುದ್ದೆ ತಟ್ಟೆಯಿಂದ ಎಲೆಗೆ ಉರುಳುವಷ್ಟರಲ್ಲಿ ಸಾರು ಬೀಳುತ್ತಿತ್ತು. ಕೈಮ ಉಂಡೆ, ತಲೆಕಾಲು, ನಿನ್ನೆಯ ಒಬ್ಬಟ್ಟು. ಬೀಬಿಜಾನ್ ಮನೆಯಿಂದ ಒಂದು ಬಿಂದಿಗೆ ಸುರಕುಂಬ, ಅವರ ಹಬ್ಬದ ಶಾವಿಗೆ ಪಾಯಸ, ಬಂತು. ಪೆದ್ದಪ್ಪನವರು ಸುಬ್ಬರಾಯಪ್ಪನ ಹಾಗೆ ಹೊಟ್ಟೆ ಮುಂದೆ ಮಾಡಿ, ಮೀಸೆ ತೀಡಿ, "ಎತ್ತಾಕ್ಲಾ!" ಎಂದು ಮಾಡಿ ತೋರಿಸಿದರು. ಅಲ್ಲಿಂದ ಮುಂದೆ ಯಾರೂ ಮುದ್ದೆ ಬೇಕು, ಸಾರು ಬೇಕು ಎನ್ನಲೇ ಇಲ್ಲ. "ಎತ್ತಾಕ್ಲಾ ಒಂದ್ ಮುದ್ದೆ!" "ಎತ್ತಾಕ್ಲಾ ಎರಡು ಉಂಡೆ!" ಅಳಿಯ ಅನಿಲ್‌ಕುಮಾರ್ ನಗು ತಡೆಯಲಾರದೆ ಸುರಕುಂಬವನ್ನು ಮೂಗಿನಿಂದ ಬಿಟ್ಟ. ಸೋದರತ್ತೆ ಮೂರನೇ ಮುದ್ದೆ ಮುರಿಯುತ್ತ, ಮೂಳೆ ಚೀಪಿ ಎಲೆಯ ಪಕ್ಕಕ್ಕಿಟ್ಟು, "ಬಾಡಿಗೇನ್ ಕಮ್ಮಿ ಮಾಡಿಲ್ಲ ಬಿಡಮ್ಮ ಈ ಸಲ," ಎಂದಳು. ಅನಿತ ಒಳಗೆ ಓಡಿಹೋಗಿ ಒಲೆಯ ಮುಂದೆ ಕೂತು ಅತ್ತಳು. ಅದು ನಂಗಲಿಯ ಅಳುವಲ್ಲ.

ಎಲೆ ಎತ್ತುವಾಗ ಮುನಿಯಲ್ಲಮ್ಮ ನನ್ನ ಕಿವಿಯಲ್ಲಿ ಹೇಳಿದಳು. "ಹುಳ ತಲೆ ಎತ್ಕೊಂಡಿರ್ತವೆ ಕಣೇ ಸುನಂದಾ."

"ಸಾಯ್ಲಿ ಬಿಡಕ್ಕ."

"ಹಂಗನ್ಬೇಡ. ಚಾಕಿ ಹುಳ ತಂದಾಗ ಇರುವೆ ಮರಿ ಥರ ಇದ್ವು. ಅವೇನ್ ಮಾಡಿದ್ವು ಪಾಪ."

ಮೂರು ಗಂಟೆಗೆ ಕಾಲನಿಯ ಬಾಯಲ್ಲಿ, ನಲ್ಲಿಯ ಹತ್ತಿರ ಬೈಕು ಬಂದು ನಿಂತಿತು. ಹಾರನ್ ಹೊಡೆಯಿತು. ಯಾರೂ ಏಳಲಿಲ್ಲ. ಮತ್ತೆ ಹೊಡೆಯಿತು. ಒಂದು ಮಗು, "ಎತ್ತಾಕ್ಲಾ!" ಎಂದು ಕೂಗಿತು. ಬೀದಿಗೆ ಬೀದಿಯೇ ನಕ್ಕಿತು.

ಸುಬ್ಬರಾಯಪ್ಪ ಬೈಕು ಬಿಟ್ಟು ನಡೆದು ಬಂದ. ವೋಟಿನ ಸಮಯ ಬಿಟ್ಟರೆ ಅವನು ಆ ನಲ್ಲಿ ದಾಟಿ ಒಳಗೆ ಬಂದದ್ದನ್ನು ನಾನು ಕಂಡಿಲ್ಲ. ಆಗಲೂ ನಮ್ಮ ಮನೆಗಳಲ್ಲಿ ಒಂದು ಲೋಟ ನೀರು ಕುಡಿದವನಲ್ಲ. ತಲೆಯಲ್ಲಿ ಸೊಪ್ಪಿನ ಚೂರು, ಮೊಣಕೈ ತುಂಬ ಕಡ್ಡಿ ಗೀರಿದ ಗಾಯ. ಬೆಂಗಳೂರಿನ ನೆಂಟರು ಕಂತೆ ಎತ್ತಲಿಲ್ಲವೆಂದು ಕಾಣುತ್ತದೆ.

"ಏನ್ ಮುನಿಯಲ್ಲಮ್ಮ, ಹಬ್ಬ ಜೋರಾ?" ದನಿ ಬೆಣ್ಣೆಯಾಗಿತ್ತು. "ಬಾರಮ್ಮ, ಒಂದ್ ಮೇವು ಹಾಕ್ಬಿಡಿ. ಹುಳ ಎಲ್ಲಾ ಅಟ್ಟಣೆ ಬಿಟ್ಟು ಇಳೀತಾವೆ. ಶ್ಯಾಮಲನೂ ನಾನೂ ಮಾಡಿದ್ವಿ, ಆಗ್ಲಿಲ್ಲ."

"ನಾವೆಲ್ಲಾ ಬಾಡು ತಿಂದಿದ್ದೀವಲ್ಲ ಸಾಮಿ."

"ಅಯ್ಯ, ಅದೇನೋ ಮಾತಿಗಂದೆ. ಹುಳಕ್ಕೇನ್ ಗೊತ್ತಾಗ್ತದೆ?"

"ಈ ಕಡೆ ತಲೆ ಹಾಕ್ಬೇಡ ಅಂದ್ರಿ."

"ಅದೂ ಮಾತಿಗೇ."

ಮುನಿಯಲ್ಲಮ್ಮ ಅವನ ಗೀರಿದ ಕೈಗಳನ್ನು ನೋಡಿದಳು. "ಬರ್ತೀವಿ," ಎಂದಳು. "ಹುಳಕ್ಕೋಸ್ಕರ ಬರ್ತೀವಿ. ನಿಮ್ದು ಊಟ ಆಯ್ತಾ?"

"ಹೂಂ, ಆಯ್ತು, ಆಯ್ತು."

"ಬೋಟಿ ಕಲ್ ಮೇಲೇ ಇತ್ತಲ್ಲ ಸಾಬ್, ಯಾರು ತೊಳ್ದಿದ್ದು?" ಎಂದಳು ಬೀಬಿಜಾನ್. ಸುಬ್ಬರಾಯಪ್ಪ ಗೀರಿದ ಮೊಣಕೈ ಉಜ್ಜಿಕೊಂಡ. ಅವನ ಹೊಟ್ಟೆ ಮಾತಾಡಿತು, ಹತ್ತಿರ ನಿಂತಿದ್ದ ನನಗೆ ಕೇಳಿಸಿತು.

"ಹಬ್ಬದ ದಿನ ಬಾಗ್ಲಿಗೆ ಬಂದೋರ್ನ ಬರೀ ಹೊಟ್ಟೇಲಿ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ," ಎಂದಳು ಮುನಿಯಲ್ಲಮ್ಮ. "ಕೂತ್ಕೊಳಿ. ನೀವು ಉಂಡು ಎದ್ದೇಳಿ, ನಾವು ಜೊತೇಲೇ ಎದ್ದು ಬರ್ತೀವಿ. ನೀವು ಏಳೋವರ್ಗೂ ನಾವೂ ಏಳಲ್ಲ. ಲೇ ಸುನಂದಾ, ಎಲೆ ಹಾಕೇ."

ನಾನು ಪೆದ್ದಪ್ಪನವರ ಪಕ್ಕದಲ್ಲೇ ಎಲೆ ಹಾಕಿ ನೀರು ಚಿಮುಕಿಸಿದೆ. ಮುನಿಯಲ್ಲಮ್ಮ ಮುದ್ದೆ ಇಟ್ಟಳು, ಸಾರು ಬಿಟ್ಟಳು, ಎರಡು ಉಂಡೆ ಇಟ್ಟಳು. ಪೆದ್ದಪ್ಪನವರು ಪಂಚೆ ಸರಿಮಾಡಿಕೊಂಡು ಚಾಪೆಯ ಮೇಲೆ ಒಂದು ಗೇಣು ಆಚೆ ಸರಿದು ಜಾಗ ಮಾಡಿದರು. "ರಂಡಿ ಸಾರ್, ಕೂರ್ಚೋಂಡಿ," ಎಂದು ತೆಲುಗಿನಲ್ಲೇ ಕೂರಲು ಕರೆದರು.

ನಗು ನಿಂತುಹೋಗಿತ್ತು. ಕಾಲನಿಯ ಅಷ್ಟೂ ಜನ ಬಾಗಿಲುಗಳಲ್ಲಿ, ಜಗುಲಿಗಳಲ್ಲಿ ನೋಡುತ್ತಿದ್ದರು. ತೋಪಿನಾಚೆ ಹುಳದ ಮನೆಯ ಶೀಟು ಬಿಸಿಲಿಗೆ ಹೊಳೆಯುತ್ತಿತ್ತು. ಸುಬ್ಬರಾಯಪ್ಪ ಅದರ ಕಡೆ ನೋಡಿದ, ಎಲೆಯ ಕಡೆ ನೋಡಿದ, ನಲ್ಲಿಯ ಹತ್ತಿರ ನಿಂತಿದ್ದ ಬೈಕಿನ ಕಡೆ ನೋಡಿದ. ಬಲಗಾಲಿನ ಚಪ್ಪಲಿ ಬಿಟ್ಟ. ಎಡಗಾಲಿನದು ಇನ್ನೂ ಕಾಲಲ್ಲೇ ಇತ್ತು. ಹಾಗೇ ನಿಂತ.

"ಸಾರು ಆರ್ತದೆ ಸಾಮಿ," ಎಂದಳು ಮುನಿಯಲ್ಲಮ್ಮ.