ಆರಂಭಶೂರೆಯ ಹಬೆ ಎಂಜಿನ್ನು

ಕಂಡವರ ಜೇಬಿಗೆ ಕೈ ಹಾಕಿಯೂ ಮರ್ಯಾದಸ್ಥರೆನಿಸಿಕೊಳ್ಳುವವರು ಲೋಕದಲ್ಲಿ ದರ್ಜಿಗಳು ಮಾತ್ರ. ರಿಪೇರಿಗೆ ಬಂದ ಪ್ಯಾಂಟಿನ ಜೇಬು ತಡಕದೆ ಟೈಲರಮ್ಮ ಸೂಜಿ ಮುಟ್ಟುತ್ತಿರಲಿಲ್ಲ. ಚೀಟಿ, ಚಿಲ್ಲರೆ, ಬೀಗದ ಕೈ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು ಕೂಡ ಸಿಕ್ಕಿತ್ತು. ಹಾಗೆಯೇ ಒಂದು ದಿನ ಬೀದಿಯ ತುದಿಯ ಹಲ್ಲಿನ ಡಾಕ್ಟರ ಪ್ಯಾಂಟಿನಿಂದ ಒಂದು ಹಿತ್ತಾಳೆ ಬಿಲ್ಲೆ ಹೊರಬಿತ್ತು. ನಾಣ್ಯದಷ್ಟು ಅಗಲ, ನಡುವೆ ಒಂದು ಕಡ್ಡಿ, ಅಂಚಿನ ಹತ್ತಿರ ಇನ್ನೊಂದು ಪುಟ್ಟ ಕಡ್ಡಿ. ಗುಂಡಿಯಂತೂ ಅಲ್ಲ, ಗುಂಡಿಯ ಜಾತಕ ಅವಳಿಗೆ ಗೊತ್ತಿತ್ತು. ನಡುವಿನ ಕಡ್ಡಿ ಹಿಡಿದು ತಿರುಗಿಸಿದಳು. ಅಂಚಿನ ಕಡ್ಡಿ ಸುತ್ತು ಹೊಡೆಯಿತು.

ಅವಳ ಕಣ್ಣು ತಾನಾಗಿ ಕೆಳಗೆ, ತಾನು ತುಳಿಯುವ ಹೊಲಿಗೆ ಮಿಷನ್ನಿನ ದೊಡ್ಡ ಚಕ್ರದ ಕಡೆ ಹೋಯಿತು. ಅಲ್ಲಿಯೂ ನಡುವಿನಿಂದ ಕೊಂಚ ಸರಿದು ಇಂಥದೇ ಒಂದು ಕಡ್ಡಿ. ಕಾಲು ಮೇಲೆ ಕೆಳಗೆ ಆಡಿದ್ದನ್ನು ಸುತ್ತಾಗಿ ಮಾಡುವುದು ಅದೇ. ಸರಿ, ಆದರೆ ಇಷ್ಟು ಚಿಕ್ಕದನ್ನು ತುಳಿಯುವ ಕಾಲು ಯಾವುದು?

ಆ ಪ್ರಶ್ನೆ ತಲೆಯೊಳಗೆ ಹೊಕ್ಕ ಹುಳದ ಹಾಗೆ ಕೊರೆಯತೊಡಗಿತು. ಡಾಕ್ಟರು ಪ್ಯಾಂಟು ಒಯ್ಯಲು ಬಂದಾಗ ಕೇಳಿಯೇಬಿಟ್ಟಳು. ದಿನವಿಡೀ ಬೇರೆಯವರ ಬಾಯಿ ತೆರೆಸುವ ಮನುಷ್ಯ, ತಮ್ಮ ಬಾಯಿ ತೆರೆಯಲು ಯಾರಾದರೂ ಸಿಗಲೆಂದು ಕಾದಿದ್ದರೋ ಏನೋ, ಪ್ಯಾಂಟು ಮರೆತು ಮಾತಿಗಿಳಿದರು. ಅದು ಅಂಗೈ ಮೇಲೆ ಕೂರುವಷ್ಟು ಚಿಕ್ಕ ಹಬೆ ಎಂಜಿನ್ನಿನ ಭಾಗವಂತೆ. ಅಂಥವನ್ನು ಕಟ್ಟುವುದೇ ಅವರ ಹುಚ್ಚಂತೆ. ಅಂದೇ ಸಂಜೆ ದವಾಖಾನೆಯ ಹಿಂದಿನ ಕೋಣೆಗೆ ಕರೆದು ತೋರಿಸಿದರು. ಮೇಜಿನ ಮೇಲೆ ಲೋಹ ಕಡೆಯುವ ಪುಟ್ಟ ಲೇತ್, ಗೋಡೆಗೆ ಸಾಲಾಗಿ ತೂಗುಹಾಕಿದ ಅರಗಳು. ಹೆಬ್ಬೆರಳಿನಷ್ಟು ಸಿಲಿಂಡರೊಂದು ತೊಟ್ಟಿಲಿನಂತೆ ತೂಗುತ್ತಿತ್ತು. ಅತ್ತ ವಾಲಿದಾಗ ಹಬೆ ಒಳಗೆ, ಇತ್ತ ವಾಲಿದಾಗ ಹೊರಗೆ. ಒಳಗೆ ಹಿಂದೆ ಮುಂದೆ ಆಡುವ ಪಿಸ್ಟನ್ ಚಕ್ರವನ್ನು ತಿರುಗಿಸುತ್ತಿತ್ತು. ತುಳಿಯುವ ಕಾಲು ಹಬೆಯೇ ಎಂದು ಅವಳಿಗೆ ಆಗ ಹೊಳೆಯಿತು. ಹೊಸಬರು ಶುರುಮಾಡುವುದು ಇಂಥದರಿಂದಲೇ ಎಂದು ಡಾಕ್ಟರು ಹೇಳಿದರು.

"ಬಾಯ್ಲರ್ ಮಾತ್ರ ನೀವು ಮಾಡೋದು ಬೇಡ, ಪರೀಕ್ಷೆ ಆಗಿರೋದು ನನ್ನ ಹತ್ರ ಇದೆ, ಕೊಡ್ತೀನಿ. ನೀರಿಲ್ದೆ ದೀಪ ಹಚ್ಚಬೇಡಿ, ಸೇಫ್ಟಿ ವಾಲ್ವ್ ಮುಟ್ಟಬೇಡಿ. ಮಿಕ್ಕಿದ್ರಲ್ಲಿ ಎಷ್ಟು ತಪ್ಪು ಮಾಡಿದ್ರೂ ಜೀವಕ್ಕೇನೂ ತೊಂದ್ರೆ ಇಲ್ಲ."

ತಪ್ಪು ಮಾಡಲು ಇಷ್ಟು ಧಾರಾಳವಾದ ಅಪ್ಪಣೆಯನ್ನು ಅವಳಿಗೆ ಹುಟ್ಟಿದಾರಭ್ಯ ಯಾರೂ ಕೊಟ್ಟಿರಲಿಲ್ಲ. ಅಲ್ಲಿಯೇ ಹೂಂ ಎಂದಳು.

ಎರಡು ಬೀದಿ ಆಚೆ ಇದ್ದ ಅಕ್ಕನಿಗೆ ಸುದ್ದಿ ಮುಟ್ಟಿದಾಗ ಅವಳು ನಕ್ಕ ನಗೆ ಇಡೀ ಬೀದಿಗೆ ಕೇಳಿಸಿರಬೇಕು. ಮನೆಯಲ್ಲಿ ಟೈಲರಮ್ಮನ ಅಡ್ಡಹೆಸರು 'ಅರೆಬರೆ'. ಕಂಡವರ ಬಟ್ಟೆಯನ್ನು ಹೇಳಿದ ದಿನಕ್ಕೆ ಹೊಲಿದು ಕೊಡುವವಳು ತನ್ನದೆಂದು ಹಿಡಿದ ಒಂದನ್ನೂ ಮುಗಿಸಿದವಳಲ್ಲ. ಹಾರ್ಮೋನಿಯಂ ಅರ್ಧ, ಈಜು ಅರ್ಧ, ಗಿಡ ಬೆಳೆಸಲು ತಂದ ಕುಂಡಗಳಲ್ಲಿ ಮಣ್ಣು ಅರ್ಧ. ಇವಕ್ಕೆಲ್ಲ ಕಳಶಪ್ರಾಯವಾದದ್ದು ಮದುವೆಗೆ ಮೊದಲು ಶುರುಮಾಡಿದ ಒಂದು ಕ್ರೋಶಾ ಮೇಜುಹೊದಿಕೆ. ನಡುವಿನ ಹೂವಾಗಿ, ಸುತ್ತಿನ ಬಳ್ಳಿಗಳಲ್ಲಿ ಅರ್ಧ ಆಗಿ, ಅಲ್ಲಿಗೇ ನಿಂತುಹೋಗಿತ್ತು. ಅದನ್ನು ಅಕ್ಕ ತನ್ನ ಬೀರುವಿನಲ್ಲಿ ಇಟ್ಟುಕೊಂಡು, ನೆಂಟರು ಬಂದಾಗಲೆಲ್ಲ ತೆಗೆದು ತೋರಿಸಿ ನಗಿಸುತ್ತಿದ್ದಳು. ಆರಂಭಶೂರೆಯೆಂದರೆ ನಮ್ಮ ತಂಗಿ, ನೋಡಿ ಸಾಕ್ಷಿ, ಎಂದು. ಟೈಲರಮ್ಮ ಆ ಹೊತ್ತಿಗೆ ಸರಿಯಾಗಿ ಕಾಫಿ ಲೋಟ ತೊಳೆಯಲು ಎದ್ದು ಹೋಗುತ್ತಿದ್ದಳು. ಅದನ್ನು ಕೈಯಲ್ಲಿ ಹಿಡಿದು ನೋಡಿ ಎಷ್ಟೋ ಕಾಲವಾಗಿತ್ತು.

ಅಕ್ಕನ ನಗು ಹಳೆಯದು, ಅದರ ಭಯ ಅವಳಿಗಿರಲಿಲ್ಲ. ಇದೂ ಅರ್ಧಕ್ಕೆ ನಿಂತರೆ ಆ ಹೆಸರನ್ನು ತಾನೇ ನಂಬಿಬಿಡುತ್ತೇನಲ್ಲ ಎಂಬುದೇ ಅವಳ ಭಯ. ಐವತ್ತು ದಾಟಿದ ಮೇಲೆ ನಂಬಿದ್ದು ಮತ್ತೆ ಬಿಟ್ಟುಹೋಗುವುದಿಲ್ಲ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ಇವಳೂ ಹಾಗೆಯೇ. ಅಂಗಡಿ ಬಾಗಿಲು ಎಳೆದವಳೇ ಡಾಕ್ಟರ ಕೋಣೆಗೆ ಓಟ. ಮೊದಲ ದಿನ ಹಿತ್ತಾಳೆಯ ಮೇಲೆ ಬಟ್ಟೆಯ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಆ ಗೆರೆಯ ದಪ್ಪದೊಳಗೆ ಎರಡು ಎಂಜಿನ್ನು ಹಿಡಿಯುತ್ತವೆ ಎಂದು ಡಾಕ್ಟರು ಮೊನೆಯ ಕಡ್ಡಿಯೊಂದನ್ನು ಕೊಟ್ಟರು. ಹಬೆಯ ತೂತು ಇಲ್ಲೇ ಏಕೆ ಇರಬೇಕು, ಅಲ್ಲೇಕೆ ಇರಬಾರದು ಎಂಬುದು ಅವರು ಎಷ್ಟು ಹೇಳಿದರೂ ತಲೆಗೆ ಹತ್ತಲಿಲ್ಲ. ಮನೆಗೆ ಬಂದು ಬ್ಲೌಸಿಗೆ ಕತ್ತರಿಸುವ ಹಾಗೆ ಕಾಗದದಲ್ಲಿ ಸಿಲಿಂಡರ್ ಕತ್ತರಿಸಿ, ಇನ್ನೊಂದು ಕಾಗದದ ಮೇಲಿಟ್ಟು ಗುಂಡುಸೂಜಿ ಚುಚ್ಚಿ ತೂಗಿ ನೋಡಿದಳು. ವಾಲಿದಾಗ ತೂತಿಗೆ ತೂತು ಕೂಡಿತು, ನೆಟ್ಟಗಾದಾಗ ಮುಚ್ಚಿಕೊಂಡಿತು. ಅದನ್ನು ನೋಡುತ್ತ ಎಷ್ಟು ಹೊತ್ತು ತೂಗಿದಳೋ, ಒಲೆಯ ಮೇಲಿನ ಹಾಲು ಉಕ್ಕಿ ನೆಲಕ್ಕಿಳಿಯಿತು.

ತಪ್ಪು ನಡೆದದ್ದು ಪಿಸ್ಟನ್ನಿನಲ್ಲಿ. ಲೇತಿನಲ್ಲಿ ಕಡೆದದ್ದು ಸಿಲಿಂಡರಿಗೆ ಬಿಗಿಯಾಗಿತ್ತು. ನುಣ್ಣನೆಯ ಉಪ್ಪುಕಾಗದದಿಂದ ಒಂದೊಂದೇ ಚೂರು ಉಜ್ಜಿ, ಪ್ರತಿ ಸಲ ಹಾಕಿ ನೋಡಿ ಎಂದು ಡಾಕ್ಟರು ರೋಗಿಯ ಬಳಿಗೆ ಹೋದರು. ಟೈಲರಮ್ಮನ ಕೈಗೋ ಮೂವತ್ತು ವರ್ಷದಿಂದ ಒಂದೇ ಧರ್ಮ: ಬಿಗಿಯಾದರೆ ಗಿರಾಕಿ ಬೈಯುತ್ತಾನೆ, ಸಡಿಲವಾದರೆ ಆಮೇಲೆ ಹಿಡಿಯಬಹುದು. ಬೆರಳು ಅದರಂತೆಯೇ ನಡೆದುಕೊಂಡಿತು. ಪಿಸ್ಟನ್ ಸರಾಗವಾಗಿ ಜಾರುವುದನ್ನು ಕಂಡು ಅವಳಿಗೆ ಖುಷಿಯೋ ಖುಷಿ. ಎಣ್ಣೆ ಹಾಕಿ, ಕೊಳವೆ ಸಿಕ್ಕಿಸಿ, ಬಾಯಿಂದ ಊದಿದಳು. ಚಕ್ರ ತಿರುಗಿತು. ಕೆನ್ನೆ ನೋಯುವವರೆಗೂ ಊದಿ, ಆ ಉಸಿರಿನಲ್ಲೇ ಹೋಗಿ ಅಕ್ಕನನ್ನು ಭಾನುವಾರಕ್ಕೆ ಕರೆದಳು.

ಅಕ್ಕ ಡಾಕ್ಟರ ಕೋಣೆಗೆ ಬಂದಳು, ಕೈಚೀಲದಲ್ಲಿ ಆ ಕ್ರೋಶಾ ಹೊದಿಕೆಯೊಂದಿಗೆ. ಎಂಜಿನ್ನಿನ ಕೆಳಗೆ ಹಾಸು, ಜೋಡಿ ಚೆನ್ನಾಗಿರುತ್ತೆ ಎಂದು ಅದನ್ನು ಮೇಜಿನ ಮೂಲೆಗಿಟ್ಟಳು. ಡಾಕ್ಟರು ಬಾಯ್ಲರಿಗೆ ನೀರು ಅಳೆದು ಹಾಕಿಸಿ, ಸ್ಪಿರಿಟ್ ದೀಪ ಹಚ್ಚಿಸಿದರು. ಹಬೆ ಬಂತು. ಟೈಲರಮ್ಮ ಚಕ್ರಕ್ಕೆ ಕೈ ಕೊಟ್ಟಳು. ಅದು ಅರೆಸುತ್ತು ತಿರುಗಿ ನಿಂತಿತು. ಮತ್ತೆ ಕೊಟ್ಟಳು, ಮತ್ತೆ ಅರೆಸುತ್ತು. ಸಿಲಿಂಡರಿನ ತೆರೆದ ಬಾಯಿಂದ ಬಿಳಿ ಹಬೆ ಬುಸುಬುಸು ಹೊರಗೆ ಬರುತ್ತಿತ್ತು.

ಡಾಕ್ಟರು ದೀಪ ಆರಿಸಿ, ಬಿಚ್ಚಿ ನೋಡಿ, ಪಿಸ್ಟನ್ ಸಡಿಲವಾಗಿದೆ ಎಂದರು. ಊದಿದ ದಿನ ಎಣ್ಣೆ ಸಂದು ಮುಚ್ಚಿತ್ತು. ಬಿಸಿ ಹಬೆ ಆ ಎಣ್ಣೆಯನ್ನು ತೊಳೆದು ಹಾಕಿದೆ.

"ಲೂಸಾದ್ರೆ ಹಿಡೀಬಹುದಲ್ವಾ ಡಾಕ್ಟ್ರೇ?"

"ಬಟ್ಟೇಲಿ ಹಿಡೀಬಹುದು. ಇದ್ರಲ್ಲಿ ಬಿಗಿ ಇದ್ರೆ ಉಜ್ಜಬಹುದು, ಲೂಸಾದ್ರೆ ಆಯ್ತು, ಹೋಯ್ತು." ಅವಳ ಮುಖ ನೋಡಿ ಅವರ ದನಿ ಇಳಿಯಿತು. ಪಿಸ್ಟನ್ನಿನ ನಡುವೆ ನಕ್ಷೆಯಲ್ಲಿದ್ದಂತೆ ಸುತ್ತಲೂ ಒಂದು ಕಾಲುವೆ ಕಡೆದಿದ್ದಳಲ್ಲ, ಅವಳು ಅಲಂಕಾರಕ್ಕೆಂದುಕೊಂಡದ್ದು, ಅದು ದಾರ ಸುತ್ತಲೆಂದೇ ಇರುವುದಂತೆ. ಎಣ್ಣೆಯಲ್ಲಿ ನೆನೆಸಿದ ಹತ್ತಿದಾರ ಅದರಲ್ಲಿ ಉಬ್ಬಿ ಸಂದು ಮುಚ್ಚುತ್ತದೆ.

ದಾರಕ್ಕೇನು ಬರಗಾಲ ಎಂದು ಅವಳು ಅಂಗಡಿಗೆ ಓಡಿ ರೀಲು ತಂದಳು. ಸುತ್ತಿದರು, ದೀಪ ಹಚ್ಚಿದರು. ಈಗಿನ ರೀಲಿನಲ್ಲಿ ಹತ್ತಿ ಎಲ್ಲಿಂದ ಬರಬೇಕು, ಎಲ್ಲ ಪಾಲಿಯೆಸ್ಟರು. ಹಬೆಯ ಬಿಸಿಗೆ ಮುದುಡಿ ಜಾರಿ ಬಂತು. ಡಾಕ್ಟರ ಬಳಿಯಿದ್ದ ದಪ್ಪ ಹತ್ತಿದಾರ ಮುಗಿದಿತ್ತು. ತರಿಸೋಣ, ಮುಂದಿನ ವಾರ ನೋಡೋಣ ಎಂದರು ಅವರು.

ಮುಂದಿನ ವಾರ! ಅವಳ ಹಾರ್ಮೋನಿಯಂ, ಈಜು, ಕುಂಡಗಳು ಎಲ್ಲವೂ ಒಂದೊಂದು ಮುಂದಿನ ವಾರದ ಕೆಳಗೇ ಹೂತುಹೋಗಿದ್ದವು. ಅವಳಿಗೆ ಅಳು ಬಂತು. ಅಕ್ಕನ ಎದುರು ಅಳಬಾರದೆಂದು ಮೇಜಿನ ಮೂಲೆ ನೋಡಿದಳು. ಅಲ್ಲಿ ಹೊದಿಕೆ ಇತ್ತು. ದಪ್ಪ ದಾರ, ಒಗೆದು ಒಗೆದು ಮೆತ್ತಗಾದ, ಅಪ್ಪಟ ಹತ್ತಿ.

ಕೈಗೆತ್ತಿಕೊಂಡು ತುದಿ ಹುಡುಕಿದಳು. ಕ್ರೋಶಾ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಕೊನೆಯ ಕುಣಿಕೆ ಬಾಯಿ ತೆರೆದೇ ಇರುತ್ತದೆ, ಯಾರಾದರೂ ಎಳೆದರೆ ಇಡೀ ಹೂವು ಬಿಚ್ಚಿಹೋಗುತ್ತದೆ. ಇದು ಬಿಚ್ಚಿಹೋಗಿರಲಿಲ್ಲ. ಆ ಕುಣಿಕೆಗೆ ಒಂದು ಪುಟ್ಟ ಸೇಫ್ಟಿ ಪಿನ್ನು ಹಾಕಿತ್ತು. ಹೊಳೆಯುವ ಪಿನ್ನು, ಹೊಸದು.

"ಇದಕ್ಕೆ ಪಿನ್ ಹಾಕಿದ್ಯಾರು?"

ಯಾವಾಗಲೂ ನಾಲಗೆ ತುದಿಯಲ್ಲಿ ಮಾತಿಟ್ಟುಕೊಂಡ ಅಕ್ಕ ಕೈಚೀಲದ ಹಿಡಿ ಸರಿಮಾಡಿಕೊಂಡಳು.

"ನಾನೇ. ತುಕ್ಕು ಹಿಡಿದಾಗ ಬದಲಾಯಿಸ್ತೀನಿ. ಎಂದಾದ್ರೂ ಕೇಳ್ತೀಯೇನೋ, ಎಳೆ ಬಿಟ್ಟಿದ್ರೆ ನಿಂಗೆ ಮತ್ತೆ ಮೊದ್ಲಿಂದ ಆಗುತ್ತಲ್ಲ ಅಂತ."

ಇಷ್ಟು ವರ್ಷ ಆ ನಗು ಕೇಳಿ ಟೈಲರಮ್ಮ ಲೋಟ ತೊಳೆಯಲು ಎದ್ದು ಹೋಗಿದ್ದಳೇ ಹೊರತು, ಒಂದು ಸಲವೂ ಕೂತು ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡಿರಲಿಲ್ಲ. ಈಗ ಪಿನ್ನು ಬಿಚ್ಚಲು ಅವಳಿಗೆ ಕೈ ಬರಲಿಲ್ಲ. ಬೇಡ, ಮುಂದಿನ ವಾರವೇ ನೋಡೋಣ ಎಂದುಬಿಟ್ಟಳು.

ಅಕ್ಕ ಅದನ್ನು ಅವಳ ಕೈಯಿಂದ ಕಿತ್ತುಕೊಂಡಳು. ಪಿನ್ನು ಬಿಚ್ಚಿ ತುಟಿಯಲ್ಲಿ ಕಚ್ಚಿಕೊಂಡು, ಎಳೆ ಹಿಡಿದು ಎಷ್ಟು ಬೇಕೆಂದು ಡಾಕ್ಟರನ್ನು ಸನ್ನೆಯಲ್ಲೇ ಕೇಳಿದಳು. ಒಂದು ಮೊಳ ಸಾಕೆಂದರು. ಅಕ್ಕ ಎಳೆದಳು. ಬಳ್ಳಿಯ ಒಂದು ಎಲೆ ಸರಸರನೆ ಕರಗಿಹೋಯಿತು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ," ಎಂದಳು ಪಿನ್ನಿನ ಸಂದಿನಿಂದ.

ದಾರವನ್ನು ಎಣ್ಣೆಯಲ್ಲಿ ನೆನೆಸಿ, ಕಾಲುವೆಯಲ್ಲಿ ಸುತ್ತಿ, ಗುಂಡಿ ಹೊಲಿದಂತೆ ಬಿಗಿದು ತುದಿ ಒಳಗೆ ತೂರಿಸಿದಳು ಟೈಲರಮ್ಮ. ಈ ಕೆಲಸದಲ್ಲಿ ಅವಳ ಬೆರಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಪಿಸ್ಟನ್ ಈಗ ಸಿಲಿಂಡರಿನೊಳಗೆ ಕೊಂಚ ಗೊಣಗುತ್ತ ಇಳಿಯಿತು. ದೀಪ ಹಚ್ಚಿದರು. ಹಬೆ ಏರಿತು. ತೆರೆದ ಬಾಯಿಂದ ಏನೂ ಹೊರಗೆ ಬರಲಿಲ್ಲ.

"ಅಕ್ಕ, ಚಕ್ರಕ್ಕೆ ಒಂದ್ಸಲ ಕೈ ಕೊಡು. ತಾನಾಗಿ ಹೊರಡಲ್ಲ ಇದು."

ಅಕ್ಕ ಬಿಸಿ ಪಾತ್ರೆ ಮುಟ್ಟುವವಳಂತೆ ಒಂದು ಬೆರಳು ಚಾಚಿ ಚಕ್ರವನ್ನು ತಳ್ಳಿದಳು. ಒಂದು ಸುತ್ತು, ಇನ್ನೊಂದು ಸುತ್ತು, ಆಮೇಲೆ ಸುತ್ತುಗಳು ಎಣಿಕೆಗೆ ಸಿಗಲಿಲ್ಲ. ತೊಟ್ಟಿಲು ತೂಗಿತು, ಹಬೆ ಟಕಟಕ ಎಂದಿತು, ಮೇಜಿನ ಮೇಲಿದ್ದ ತಿರುಪುಗಳು ನಡುಗಿದವು. ಮೂವರೂ ಬಾಯಿ ತೆರೆದು ನಿಂತಿದ್ದರು, ಹಲ್ಲಿನ ಡಾಕ್ಟರು ಸೇರಿ. ಟೈಲರಮ್ಮ ನಕ್ಕಳು, ಜೊತೆಗೆ ಅತ್ತಳು, ಎರಡನ್ನೂ ಮುಚ್ಚಿಡಲಿಲ್ಲ.

ನೀರು ತಳ ಮುಟ್ಟುವ ಮೊದಲೇ ಡಾಕ್ಟರು ದೀಪ ಆರಿಸಿದರು. ಚಕ್ರ ನಿಧಾನವಾಗಿ ನಿಂತಿತು. ಈಗ ಅಕ್ಕ ಏನಾದರೂ ಅನ್ನುತ್ತಾಳೆ, ನಿಂತೇಹೋಯ್ತಲ್ಲ ಎಂದಾದರೂ ಅನ್ನುತ್ತಾಳೆ ಎಂದು ಟೈಲರಮ್ಮ ಕಾದಳು.

"ಇನ್ನೊಂದ್ಸಲ ನೀರು ಹಾಕು," ಎಂದಳು ಅಕ್ಕ.

ಬಾಯ್ಲರ್ ಮೊದಲು ತಣಿಯಬೇಕು ಎಂದು ಡಾಕ್ಟರು ತಡೆದರು. ತಣಿಯಲಿ, ನಮಗೇನು ಅವಸರ ಎಂದು ಅಕ್ಕ ಸ್ಟೂಲು ಎಳೆದು ಕೂತಳು. ಹೊದಿಕೆಯನ್ನು ಮಡಿಲಲ್ಲಿ ಹರವಿ, ಹೊಸ ಕೊನೆಯ ಕುಣಿಕೆಯನ್ನು ಹುಡುಕಿ, ಅದಕ್ಕೆ ಪಿನ್ನು ಹಾಕಿದಳು.