ನೂರರಲ್ಲಿ ಎರಡು ಪಾಲು

ತೀರ್ಥಹಳ್ಳಿಯ ಪೂರ್ಣೇಶ ಮತ್ತು ಹೊಸನಗರದ ಗುತ್ಯಪ್ಪ ಹದಿನಾರು ವರ್ಷಗಳಿಂದ ಒಬ್ಬರನ್ನೊಬ್ಬರು ಸೋಲಿಸುವುದಕ್ಕೆ ಒಬ್ಬರಿಗೊಬ್ಬರು ಸಹಾಯ ಮಾಡಿಕೊಂಡು ಬಂದವರು. ಕೇಳಿದವರಿಗೆ ಹುಚ್ಚು ಅನ್ನಿಸಬಹುದು; ಹುಚ್ಚೇ. ಇಬ್ಬರೂ ಮೆಕ್ಯಾನಿಕ್‌ಗಳು. ಹಳೆಯ ಟೂ-ಸ್ಟ್ರೋಕ್ ಬೈಕುಗಳ ಇಂಜಿನ್ ಬಿಚ್ಚಿ, ತಿದ್ದಿ, ತೀಡಿ, ಪ್ರತಿ ಫೆಬ್ರವರಿಯಲ್ಲಿ ಮೇಳಿಗೆಯ ಹತ್ತಿರ ಕೊಯ್ಲಾದ ಗದ್ದೆ ಬಯಲಿನ ಡ್ರ್ಯಾಗ್ ರೇಸಿಗೆ ಇಳಿಸುವವರು. ಮುನ್ನೂರು ಮೀಟರ್ ನೆಟ್ಟಗೆ ಓಡಬೇಕು, ಜೋಡಿಯಲ್ಲಿ ಮೊದಲು ಗೆರೆ ದಾಟಿದವರು ಗೆದ್ದಂತೆ, ಅಷ್ಟೇ. ಇಂಜಿನ್ನಿನ ಬ್ಲಾಕು ಕೊರೆಯುವ ಬೋರಿಂಗ್ ಯಂತ್ರ ಸುತ್ತಮುತ್ತ ಪೂರ್ಣೇಶನ ಹತ್ತಿರ ಮಾತ್ರ ಇತ್ತು. ಸೈಲೆನ್ಸರ್ ಪೈಪಿಗೆ ಹದವಾಗಿ ಬೆಸುಗೆ ಹಾಕುವ ಕೈ ಗುತ್ಯಪ್ಪನದು. ಹಾಗಾಗಿ ಇವನ ಬೈಕಿನ ಪೈಪು ಅವನು ಮಾಡಬೇಕು, ಅವನ ಬೈಕಿನ ಬ್ಲಾಕು ಇವನು ಕೊರೆಯಬೇಕು. ಬಂದದ್ದನ್ನು ಯಾರೂ ಅಳೆದು ನೋಡುತ್ತಿರಲಿಲ್ಲ. ಅಳೆದರೆ ಅವಮಾನ ಮಾಡಿದಂತೆ.

ಮೂರು ವರ್ಷದಿಂದ ಗೆಲ್ಲುತ್ತಿದ್ದವನು ಗುತ್ಯಪ್ಪ. ಸರಿಯಾಗಿ ಹೇಳಬೇಕೆಂದರೆ ಅವನ ಮಗಳು ಚೈತ್ರಾ. ಡಿಪ್ಲೊಮಾ ಮುಗಿಸಿ ಅಪ್ಪನ ಗ್ಯಾರೇಜಿನಲ್ಲೇ ನಿಂತ ಇಪ್ಪತ್ತೆರಡರ ಹುಡುಗಿ. ಅಪ್ಪನ ಬೈಕು ಓಡಿಸುವವಳು ಅವಳೇ. ಪೂರ್ಣೇಶ ತನ್ನ ಬೈಕನ್ನು ತಾನೇ ಓಡಿಸುತ್ತಿದ್ದ. ವಯಸ್ಸು ನಲವತ್ತೈದು, ಬಗ್ಗಿದರೆ ಹೊಟ್ಟೆ ಟ್ಯಾಂಕಿಗೆ ತಾಗುತ್ತಿತ್ತು.

ಸೋಲು ಅವನಿಗೆ ಹೊಸದಲ್ಲ. ಹೊಟ್ಟೆಯಲ್ಲಿ ಬೆಂಕಿ ಹಚ್ಚಿದ್ದು ಒಂದು ಮಾತು. ಹೋದ ವರ್ಷ ರೇಸು ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಸಾಗರದಿಂದ ಬಂದಿದ್ದ ಯಾರೋ ಒಬ್ಬ, "ಬೋರ್ ಮಾಡ್ದೋನೂ ಇವ್ನೇ, ಸೋತೋನೂ ಇವ್ನೇ! ಇಷ್ಟ್ ಒಳ್ಳೆ ಮನ್ಷ ಎಲ್ ಸಿಗ್ತಾನೆ ಮಾರಾಯ್ರಾ?" ಎಂದ. ಎಲ್ಲರೂ ನಕ್ಕರು. ಗುತ್ಯಪ್ಪನೂ ನಕ್ಕ. ಪೂರ್ಣೇಶ ಕೂಡ ನಕ್ಕ, ಆಮೇಲೆ ಆ ಮಾತನ್ನು ಒಂದು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಮೆಲುಕು ಹಾಕಿದ.

ಈ ವರ್ಷ ಗುತ್ಯಪ್ಪನ ಬ್ಲಾಕು ಬಂತು. ಪಿಸ್ಟನ್ನಿಗೂ ಬ್ಲಾಕಿನ ಗೋಡೆಗೂ ನಡುವೆ ಒಂದು ಮಿಲಿಮೀಟರಿನ ನೂರರಲ್ಲಿ ಐದು ಪಾಲು ಸಂದು ಬಿಡಬೇಕು. ಪೂರ್ಣೇಶ ಮೂರು ಬಿಟ್ಟ. ಇಂಜಿನ್ ಬಿಸಿಯಾಗಿ ಕೊನೆಯ ನೂರು ಮೀಟರಿನಲ್ಲಿ ಎಳೆತ ಸ್ವಲ್ಪ ತಗ್ಗಲಿ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಇಪ್ಪತ್ತೈದು ವರ್ಷ ಇಂಜಿನ್ ಬಿಚ್ಚಿದವನಿಗೆ ಸಂದು ಸಾಲದಿದ್ದರೆ ಏನಾಗುತ್ತದೆಂದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಯಂತ್ರ ಆರಿಸಿ ಊಟಕ್ಕೆ ಹೋದ.

ಫೈನಲ್ಲಿಗೆ ಉಳಿದವರು ಅವನು ಮತ್ತು ಚೈತ್ರಾ. ಇನ್ನೂರು ಮೀಟರಿನವರೆಗೆ ಅವಳು ಅರ್ಧ ಚಕ್ರ ಮುಂದಿದ್ದಳು. ಆಮೇಲೆ ಅವಳ ಇಂಜಿನ್ ಒಮ್ಮೆ ಕಿರುಚಿ ಪಿಸ್ಟನ್ ಕಚ್ಚಿಕೊಂಡಿತು. ಹಿಂದಿನ ಚಕ್ರ ನಿಂತು ಬೈಕು ಅಡ್ಡ ತಿರುಗಿತು. ಅವಳು ಧೂಳಿನಲ್ಲಿ ಉರುಳಿದ್ದನ್ನು ಪೂರ್ಣೇಶ ಕಣ್ಣಂಚಿನಲ್ಲಿ ಕಂಡ. ಕಂಡೂ ಅವನ ಕೈ ಎಕ್ಸಿಲರೇಟರ್ ಬಿಡಲಿಲ್ಲ. ಗೆರೆ ದಾಟಿದ ಮೇಲೆ ಬ್ರೇಕು ಹಿಡಿದ.

ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು. ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಗುತ್ಯಪ್ಪ ಅವನಿಗೂ ಜಾಗ ಮಾಡಿಕೊಟ್ಟ. "ಪೈಪ್ ಹೆಂಗ್ ಎಳೀತು?" ಎಂದು ಕೇಳಿದ. "ಎಂಟ್ ದಿನ ಕೂತಿದ್ದೆ ಮಾರಾಯ ಅದ್ಕೆ. ಈ ಸಲ ಪೂರ್ಣೇಶನೇ ಗೆಲ್ತಾನೆ ನೋಡು ಅಂತ ಇವ್ಳಿಗೂ ಹೇಳಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಪೂರ್ಣೇಶನಿಗೆ. "ಚೆನ್ನಾಗಿತ್ತು" ಎಂದಷ್ಟೇ ಹೇಳಿ ಎದ್ದು ಬಂದ.

ವಾರ ಕಳೆದ ಮೇಲೆ ಅಪ್ಪ ಮಗಳು ಅದೇ ಬ್ಲಾಕು, ಹೊಸ ಪಿಸ್ಟನ್ನು ಹಿಡಿದುಕೊಂಡು ಅವನ ಅಂಗಡಿಗೆ ಬಂದರು.

"ಮತ್ತೆ ಬೋರ್ ಮಾಡ್ಕೊಡು. ಬೈಕ್ ಮಾರಿಬಿಡ್ತೀವಿ" ಅಂದ ಗುತ್ಯಪ್ಪ. "ಇವ್ಳು ಇನ್ನು ಹತ್ತಲ್ಲ ಅಂತಾಳೆ."

"ಇಂಜಿನ್ ಬಿಸಿ ಆಗ್ತಿದೆ ಅಂತ ಗೊತ್ತಾಯ್ತು ಮಾಮ, ಆದ್ರೂ ಬಿಡ್ಲಿಲ್ಲ ನಾನು" ಅಂದಳು ಚೈತ್ರಾ. "ಅಪ್ಪ ಕಷ್ಟಪಟ್ಟು ಕಟ್ಟಿದ್ದನ್ನ ಹಾಳ್ ಮಾಡ್ದೆ. ನನ್ನ ಕೈಲಿ ಆಗೋ ಕೆಲ್ಸ ಅಲ್ಲ ಇದು."

ಅವಳ ಮುಖ ನೋಡಲು ಪೂರ್ಣೇಶನಿಗೆ ಆಗಲಿಲ್ಲ. "ನಿನ್ ತಪ್ಪಲ್ಲ ಮಗಾ" ಅಂದ. "ನಾನೇ ಸಂದು ಕಮ್ಮಿ ಬಿಟ್ಟಿದ್ದೆ."

ಚೈತ್ರಾ ನಕ್ಕಳು. "ನನ್ ಸಮಾಧಾನಕ್ಕೆ ನಿಮ್ ಮೇಲೆ ಹಾಕ್ಕೋಬೇಡಿ ಮಾಮ. ನಿಮ್ ಕೆಲ್ಸ ನಂಗೊತ್ತಿಲ್ವಾ?" ಗುತ್ಯಪ್ಪ ಅವನ ಬೆನ್ನು ತಟ್ಟಿ, "ಒಳ್ಳೇತನ ಜಾಸ್ತಿ ಆಯ್ತು ನಿಂದು" ಎಂದ.

ಬಚಾವಾದೆ ಅನ್ನಿಸಿತು. ಹೇಳಿದ್ದೂ ಆಯಿತು, ಮರ್ಯಾದೆಯೂ ಉಳಿಯಿತು. ಹಾಗೆ ಅನ್ನಿಸಿದ ಮರುಕ್ಷಣ ಪೂರ್ಣೇಶನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಎದ್ದು ಹೋಗಿ, ಬ್ಲಾಕಿನ ಒಳಗಿನ ಅಗಲ ಅಳೆಯುವ ಬೋರ್ ಗೇಜು ತಂದು ಚೈತ್ರಾಳ ಮುಂದೆ ಇಟ್ಟ.

"ಬ್ಲಾಕಿನ್ ಕೆಳಗಡೆ ಗೀರು ಬಿದ್ದಿಲ್ಲ. ಅಲ್ಲಿ ಅಳತೆ ತಗೋ."

ಅವಳ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಬ್ಲಾಕನ್ನು ಅವನೇ ಹಿಡಿದುಕೊಂಡ. ಅವಳು ಎಡಗೈಯಿಂದ ಗೇಜು ಇಳಿಸಿ ಓದಿದಳು. ಹಳೆಯ ಪಿಸ್ಟನ್ನಿನ ಅಳತೆ ಅವಳಿಗೆ ಬಾಯಿಪಾಠವಾಗಿತ್ತು. ಗೇಜನ್ನು ಬಟ್ಟೆಯಿಂದ ಒರೆಸಿ ಮತ್ತೆ ಇಳಿಸಿದಳು. ಮೂರನೇ ಸಲವೂ ಅಳೆದಳು. ತನ್ನ ಮರ್ಯಾದೆ ಉಳಿಸುವುದಕ್ಕೇ ಅವಳು ಅಳೆಯುತ್ತಿದ್ದಾಳೆಂದು ಪೂರ್ಣೇಶನಿಗೆ ಕಾಣುತ್ತಿತ್ತು.

"ಸಂದು ಮೂರೇ ಇದೆ" ಅಂದಳು. ತಕ್ಷಣವೇ, "ಕೈ ತಪ್ಪಿರ್ಬೇಕು. ಅಲ್ವಾ ಮಾಮ?" ಎಂದಳು.

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪ ಮಗಳು ಇಬ್ಬರೂ ಅದೊಂದು ಹೂಂಗಾಗಿ ಅವನ ಮುಖ ನೋಡುತ್ತಿದ್ದರು.

"ಇಲ್ಲ" ಅಂದ ಪೂರ್ಣೇಶ. "ಬೇಕಂತ್ಲೇ ಮಾಡ್ದೆ. ಗೆಲ್ಬೇಕಿತ್ತು ನಂಗೆ."

ಗುತ್ಯಪ್ಪ ಹೊಸ ಪಿಸ್ಟನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಬೈದಿದ್ದರೆ ಚೆನ್ನಾಗಿತ್ತು, ಕಪಾಳಕ್ಕೆ ಹೊಡೆದಿದ್ದರೆ ಇನ್ನೂ ಚೆನ್ನಾಗಿತ್ತು. ಚೈತ್ರಾ ಒಂದೇ ಕೈಯಲ್ಲಿ ಬ್ಲಾಕನ್ನು ಅವನಿಂದ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು.

"ಮಾರೋದ್ ಬೇಡ ಅಪ್ಪ" ಅಂದಳು. "ಶಿವಮೊಗ್ಗದಲ್ಲಿ ಬೋರ್ ಮಾಡ್ಸೋಣ. ಮುಂದಿನ್ ವರ್ಷ ನಾನೇ ಓಡಿಸ್ತೀನಿ."

ಇಬ್ಬರೂ ಮೆಟ್ಟಿಲಿಳಿದರು. 'ಬರ್ತೀವಿ' ಎಂದು ಹೇಳಿ ಹೋಗಲಿಲ್ಲ.