ಎಣಿಸದೆ ಬರೆದ ಎಪ್ಪತ್ತೆರಡು

ಈಗ ಅವಳು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಮೇಡಂ. ಕನ್ನಡಕ ಬಂದಿದೆ, ಮಂಡಿನೋವೂ ಬಂದಿದೆ. ಆದರೆ ಸ್ಪಿರಿಟ್ ವಾಸನೆ ಮೂಗಿಗೆ ಬಡಿದರೆ ಸಾಕು, ಮೂವತ್ತು ವರ್ಷದ ಹಿಂದಿನ ಆ ಗಂಡಸರ ವಾರ್ಡು ಕಣ್ಣಿಗೆ ಕಟ್ಟುತ್ತದೆ: ಎತ್ತರದ ಕಿಟಕಿಗಳು, ಕಿರುಗುಟ್ಟುವ ಔಷಧಿ ಟ್ರಾಲಿ, ಗಂಜಿ ಹಾಕಿದ, ಕುತ್ತಿಗೆ ಕೊರೆಯುತ್ತಿದ್ದ ಯೂನಿಫಾರ್ಮು. ಅಯ್ಯೋ, ಎಂಥ ದಿನಗಳವು! ಹೆದರಿ ಹೆದರಿಯೇ ಕಳೆದ ದಿನಗಳು. ಆದರೂ ಇನ್ನೊಮ್ಮೆ ಸಿಗಬಾರದೇ ಅನ್ನಿಸುತ್ತದೆ.

ಆಗಿನ್ನೂ ನರ್ಸಿಂಗ್ ಕಲಿಯುತ್ತಿದ್ದ ಅವಳಿಗೆ ವಾರ್ಡಿನಲ್ಲಿ ‘ಡೌಟಮ್ಮ’ ಎಂದೇ ಹೆಸರು. ಕಂಡದ್ದನ್ನೆಲ್ಲ ಕೇಳುತ್ತಿದ್ದಳು. ಹೆಡ್ ಸಿಸ್ಟರಿಗೆ ಹುಡುಗಿಯರು ಇಟ್ಟ ಹೆಸರು ‘ಮಿಲಿಟರಿ’. ಒಂದು ದಿನ ಮಿಲಿಟರಿ ಎಲ್ಲರ ಮುಂದೆಯೇ, “ಇನ್ನೊಂದು ಸಲ ಬಾಯಿ ತೆರೆದ್ರೆ ವಾರ್ಡಿಂದ ವಾಪಸ್ ಕಳಿಸ್ತೀನಿ ನೋಡು” ಎಂದು ಗದರಿಬಿಟ್ಟರು. ವಾಪಸ್ ಹೋದರೆ ಒಂದು ವರ್ಷವೇ ಹಾಳು. ಮರುದಿನ ಏಳನೇ ಬೆಡ್ಡಿನ ತಾತನ ನಾಡಿ ಎಷ್ಟು ಹುಡುಕಿದರೂ ಕೈಗೆ ಸಿಗಲಿಲ್ಲ. ಕೇಳಲು ಧೈರ್ಯ ಸಾಲದೆ, ಹಿಂದಿನ ದಿನದ ಎಪ್ಪತ್ತೆರಡನ್ನೇ ಚಾರ್ಟಿನಲ್ಲಿ ಕಾಪಿ ಹೊಡೆದು ಮೆಲ್ಲಗೆ ಜಾಗ ಖಾಲಿ ಮಾಡಿದಳು.

ಅದರ ಮಾರನೆಯ ಬೆಳಿಗ್ಗೆ ನಾಡಿ ಸಿಕ್ಕಿತು. ನಲವತ್ತೆಂಟು! ಮತ್ತೆ ಎಣಿಸಿದಳು, ನಲವತ್ತೆಂಟೇ. ಟ್ರೇಯಲ್ಲಿ ತಾತನ ಹಾರ್ಟಿನ ಮಾತ್ರೆ ಇತ್ತು. ಅದು ನಾಡಿಯನ್ನು ಇನ್ನೂ ನಿಧಾನ ಮಾಡುವ ಮಾತ್ರೆ ಎಂಬುದಷ್ಟೇ ಅವಳಿಗೆ ಗೊತ್ತು. ಕೊಡಬೇಕೋ, ಬಿಡಬೇಕೋ? ಕೇಳಿದರೆ ನಿನ್ನೆಯ ಸುಳ್ಳೂ ಹೊರಬೀಳುತ್ತದೆ. ಮೂರನೇ ಸಲ ಎಣಿಸತೊಡಗಿದಳು.

“ಏನ್ ಮಗಳೇ, ಇದ್ದೀನೋ ಹೋದ್ನೋ?” ಎಂದರು ತಾತ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು.

“ಒಂದು ಡೌಟು ತಾತ. ಕೇಳೋಕೆ ಭಯ ಆಗ್ತಿದೆ.”

“ಹಿಂದಿನ ಬಾಗಿಲು ನೋಡ್ದೆ ನಾನು ಒಂದು ದಿನಾನೂ ‘ರೈಟ್’ ಅಂದವನಲ್ಲ. ಡ್ರೈವರ್ ಬೈತಿದ್ದ. ಬೈದ್ರೆ ಮೈಗೇನು ಅಂಟ್ಕೊಳ್ಳುತ್ತಾ? ಹೋಗು, ಕೇಳು.”

ಹೋದಳು. ಡಾಕ್ಟರ ರೌಂಡ್ಸಿಗೆ ಕಾಗದ ಜೋಡಿಸುತ್ತಿದ್ದ ಮಿಲಿಟರಿ ತಲೆ ಎತ್ತಿದ್ದೇ ತಡ, ಒಂದೇ ಉಸಿರಿಗೆ ಹೇಳಿಬಿಟ್ಟಳು: “ಏಳನೇ ಬೆಡ್ ಪಲ್ಸ್ ನಲವತ್ತೆಂಟಿದೆ ಸಿಸ್ಟರ್. ಮಾತ್ರೆ ಕೊಡ್ಲಾ, ಬೇಡ್ವಾ? ನಿನ್ನೆ ಬರ್ದಿದ್ದು ಸುಳ್ಳು. ಪಲ್ಸ್ ಸಿಗ್ಲಿಲ್ಲ, ಕೇಳೋಕೆ ಹೆದರ್ಕೊಂಡು ಹಾಗೆ ಬರ್ದೆ.”

ಮಿಲಿಟರಿ ಕಾಗದ ಅಲ್ಲೇ ಬಿಟ್ಟು ಓಡಿದರು. ತಾವೇ ಪೂರ್ತಿ ಒಂದು ನಿಮಿಷ ಎಣಿಸಿ, ಮಾತ್ರೆ ನಿಲ್ಲಿಸಿ, ಡಾಕ್ಟರನ್ನು ಕರೆಸಿದರು. ತಾತ ಬಚಾವಾದರು. ನಾಲ್ಕು ದಿನದಲ್ಲಿ ಎದ್ದು ಕೂತು, ಪಕ್ಕದ ಬೆಡ್ಡಿನವರನ್ನು ಟಿಕೆಟ್ ಕೇಳತೊಡಗಿದರು.

ಮಾತ್ರೆ ನಿಲ್ಲಿಸಿದ ದಿನ ಮಧ್ಯಾಹ್ನವೇ ಸಿಸ್ಟರ್ ಅವಳನ್ನು ಬಟ್ಟೆ ಇಡುವ ಕೋಣೆಗೆ ಕರೆದರು. ಮುಗೀತು ನನ್ನ ಕತೆ ಎಂದುಕೊಂಡೇ ಹೋದಳು. ಮಡಿಸಿಟ್ಟ ಬೆಡ್‌ಶೀಟುಗಳ ಮೇಲೆ ಕೈಯೂರಿ ನಿಂತಿದ್ದ ಮಿಲಿಟರಿಯ ಕಣ್ಣು ಕೆಂಪಗಿತ್ತು.

“ನಿನ್ನೆ ಆ ಮಾತ್ರೆ ಕೊಟ್ಟಿದ್ದು ನಾನೇ ಕಣೇ” ಎಂದರು. “ನೀನು ಬರ್ದಿದ್ದನ್ನ ನಂಬಿ ಕೊಟ್ಟೆ. ನಿನ್ನ ಬಾಯಿ ಮುಚ್ಚಿಸಿದ್ದೂ ನಾನೇ.”

ಅವಳಿಗೆ ಅಳು ಒತ್ತರಿಸಿ ಬಂತು. ಸಿಸ್ಟರ್ ಒಗೆದ ಬೆಡ್‌ಶೀಟಿನ ಅಂಚಿನಿಂದಲೇ ಅವಳ ಮುಖ ಒರೆಸಿದರು.

“ನಾಳೆಯಿಂದ್ಲೂ ನಾನು ಬೈತೀನಿ. ನನ್ನ ಬಾಯಿ ಸುಮ್ನಿರೋದಲ್ಲ” ಎಂದರು. “ನೀನು ಕೇಳೋದು ಮಾತ್ರ ಬಿಡ್ಬೇಡ.”